ಟೈಪ್-ಸಿ ಅಂದ್ಮೇಲೆ ಎಲ್ಲಾ ಒಂದೇನಾ? ಲ್ಯಾಪ್‌ಟಾಪ್ ತಗೊಳ್ಳೋವಾಗ ವೇಗದ ಪೋರ್ಟಿಗೆ ಜಾಸ್ತಿ ದುಡ್ಡು ಕೊಡಬೇಕಾ?

ಮದುವೆಮನೆ_ಕ್ಯಾಮೆರಾ (ಹಾಸನ)

ಎಲ್ಲರಿಗೂ ನಮಸ್ಕಾರ. ಮದುವೆ, ನಾಮಕರಣ, ಗೃಹಪ್ರವೇಶದ ವಿಡಿಯೊ ಮಾಡೋದು ನನ್ನ ಕಸುಬು. ಲ್ಯಾಪ್‌ಟಾಪ್ ಹಳೇದಾಗಿದೆ, ಬದಲಾಯಿಸಬೇಕು. ಎರಡು ಮಾಡೆಲ್ ನೋಡಿಟ್ಟಿದ್ದೀನಿ. ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಹೆಚ್ಚುಕಮ್ಮಿ ಒಂದೇ. ಮೊದಲನೇದ್ರಲ್ಲಿ ಟೈಪ್-ಸಿ ಎರಡು, ಮಾಮೂಲಿ ಯುಎಸ್‌ಬಿ ಎರಡು, ಎಲ್ಲಾ 10 ಜಿಬಿಪಿಎಸ್ (ಸೆಕೆಂಡಿಗೆ 10 ಗಿಗಾಬಿಟ್) ಅಂತ ಬರೆದಿದೆ. ಇನ್ನೊಂದ್ರಲ್ಲಿ ಥಂಡರ್‌ಬೋಲ್ಟ್ 4 (ತೂತು ಟೈಪ್-ಸಿದೇ, ವೇಗ 40 ಜಿಬಿಪಿಎಸ್) ಎರಡು, ಮಾಮೂಲಿ ಯುಎಸ್‌ಬಿ ಒಂದು. ಬೆಲೆ ಸುಮಾರು 20 ಸಾವಿರ ಜಾಸ್ತಿ. ಅಂಗಡಿಯವರನ್ನ ಕೇಳಿದ್ರೆ "ಟೈಪ್-ಸಿ ಅಂದ್ಮೇಲೆ ಎಲ್ಲಾ ಒಂದೇ ಸರ್, ಸುಮ್ನೆ ತಲೆ ಕೆಡಿಸ್ಕೋಬೇಡಿ" ಅಂದ್ರು.

ನನ್ನ ಕೆಲಸ ಇಷ್ಟು: ಫಂಕ್ಷನ್ ಮುಗಿದ ರಾತ್ರಿ ಕಾರ್ಡುಗಳನ್ನ ಖಾಲಿ ಮಾಡ್ಬೇಕು, ಎರಡು ಬೇರೆ ಬೇರೆ ಡಿಸ್ಕಿಗೆ ಕಾಪಿ ಇಡ್ಬೇಕು, ಆಮೇಲೆ ಹೊರಗಿನ ಎಸ್‌ಎಸ್‌ಡಿ ಮೇಲೆ ಎಡಿಟಿಂಗ್. ಕಾಪಿ ಆಗೋದನ್ನ ಕಾಯೋದ್ರಲ್ಲೇ ಕೋಳಿ ಕೂಗುತ್ತೆ. ಪೋರ್ಟ್ ಬದಲಾದ್ರೆ ಈ ಕಾಯೋದು ತಪ್ಪುತ್ತಾ? ಗೊತ್ತಿರೋರು ಹೇಳಿ.

ಎಸ್‌ಪಿರೋಡ್_ಸವಾರ (ಬೆಂಗಳೂರು)

ಅಂಗಡಿಯವರು ಹೇಳಿದ್ದು ತೂತಿನ ಆಕಾರದ ವಿಷಯ ಗುರು. ಅದೇ ತೂತಿನ ಹಿಂದೆ 480 ಎಂಬಿಪಿಎಸ್‌ನ (ಅರ್ಧ ಜಿಬಿಪಿಎಸ್ಸೂ ಇಲ್ಲ) ಯುಎಸ್‌ಬಿ 2.0 ಇರಬಹುದು, 40 ಜಿಬಿಪಿಎಸ್‌ನ ಥಂಡರ್‌ಬೋಲ್ಟೂ ಇರಬಹುದು. ಐಫೋನ್ 15ಕ್ಕೆ ಟೈಪ್-ಸಿ ಬಂತು ಅಂತ ಊರೆಲ್ಲಾ ಕುಣೀತು. ವೇಗ ಮಾತ್ರ ಯುಎಸ್‌ಬಿ 2.0ದ್ದೇ. 15 ಪ್ರೊ ತಗೊಂಡೋರಿಗಷ್ಟೇ 10 ಜಿಬಿಪಿಎಸ್.

ಕೇಬಲ್ಲೂ ಹಾಗೇ. ಎಸ್‌ಪಿ ರೋಡಲ್ಲಿ ಗುಡ್ಡೆ ಹಾಕ್ಕೊಂಡು ಮಾರೋ ಟೈಪ್-ಸಿ ಕೇಬಲ್‌ಗಳಲ್ಲಿ ಬಹುಪಾಲು ಚಾರ್ಜಿಂಗ್ ಕೇಬಲ್‌ಗಳು. ಡೇಟಾ ಹೋಗುತ್ತೆ, ಆದ್ರೆ 2.0 ವೇಗದಲ್ಲಿ. ಮ್ಯಾಕ್‌ಬುಕ್ ಡಬ್ಬಿಯೊಳಗೆ ಬರ್ತಿದ್ದ ಟೈಪ್-ಸಿ ಚಾರ್ಜಿಂಗ್ ಕೇಬಲ್ಲೂ ಅದೇ ಜಾತಿ. 40 ಸಾವಿರದ ಡಿಸ್ಕಿಗೆ ಆ ಕೇಬಲ್ ಚುಚ್ಚಿ "ಡಿಸ್ಕ್ ಸರಿ ಇಲ್ಲ" ಅಂತ ವಾಪಸ್ ಕೊಟ್ಟೋರನ್ನ ನೋಡಿದ್ದೀನಿ.

ಹಳೇಥಿಂಕ್‌ಪ್ಯಾಡ್ (ಮೈಸೂರು)

ಈ ಗೊಂದಲಕ್ಕೆ ಅಂಗಡಿಯವರೊಬ್ಬರನ್ನೇ ಬೈದು ಪ್ರಯೋಜನವಿಲ್ಲ, ಯುಎಸ್‌ಬಿ ಮಾನಕ ರೂಪಿಸುವ ಕಂಪನಿಗಳ ಕೂಟದವರೇ ಅದರ ಪಿತಾಮಹರು. 2008ರಲ್ಲಿ ಯುಎಸ್‌ಬಿ 3.0 ಅಂತ ಬಂತು, 5 ಜಿಬಿಪಿಎಸ್. 2013ರಲ್ಲಿ 10 ಜಿಬಿಪಿಎಸ್‌ನದು ಬಂದಾಗ ಅದಕ್ಕೆ 3.1 ಎಂದು ಹೆಸರಿಟ್ಟು, ಹಳೆಯದನ್ನೂ "3.1 ಜೆನ್ 1" ಅಂದರು. 2017ರಲ್ಲಿ 20 ಜಿಬಿಪಿಎಸ್‌ನದು ಬಂತು. ಆಗ ಎಲ್ಲಕ್ಕೂ 3.2 ಅಂತಾಯಿತು: ಜೆನ್ 1, ಜೆನ್ 2, ಜೆನ್ 2×2. ಅಂದರೆ ಡಬ್ಬಿಯ ಮೇಲೆ ಬರೀ "ಯುಎಸ್‌ಬಿ 3.2" ಎಂದಿದ್ದರೆ ಅದು 5 ಇರಬಹುದು, 10 ಇರಬಹುದು, 20 ಇರಬಹುದು. ಮಾರುವವನಿಗೆ ಇದಕ್ಕಿಂತ ಅನುಕೂಲ ಬೇಕೆ? 2022ರಲ್ಲಿ ಕೊನೆಗೂ ಬುದ್ಧಿ ಬಂದು, ಗ್ರಾಹಕರಿಗೆ ಆವೃತ್ತಿ ಸಂಖ್ಯೆ ಹೇಳಬೇಡಿ, "ಯುಎಸ್‌ಬಿ 10 ಜಿಬಿಪಿಎಸ್" ಎಂಬಂತೆ ವೇಗವನ್ನೇ ಬರೆಯಿರಿ ಎಂದರು. ಪಾಲಿಸುವವರು ಪಾಲಿಸುತ್ತಾರೆ.

ಹಾಸನದವರೇ, ನೀವು ನೋಡಿರುವ ಮೊದಲ ಮಾಡೆಲ್‌ನ ಕಂಪನಿ ವೇಗ ಬರೆದಿರುವುದೇ ಒಳ್ಳೆಯ ಲಕ್ಷಣ. ಆದರೂ ನಾನಾಗಿದ್ದರೆ ಥಂಡರ್‌ಬೋಲ್ಟ್ ಇರುವುದನ್ನೇ ತಗೊಳ್ಳುತ್ತಿದ್ದೆ. ಕಾರಣ ಆಮೇಲೆ ಹೇಳುತ್ತೇನೆ.

ಅಗ್ಗದಮಾಲು (ತುಮಕೂರು)

ಕಾರಣ ನಾನೇ ಹೇಳ್ಬಿಡ್ಲಾ ಸರ್? "ಫ್ಯೂಚರ್ ಪ್ರೂಫ್." 😄 ಹಿಂದೆ ಫೈರ್‌ವೈರ್ ಅನ್ನೋ ಪೋರ್ಟ್ ಬಂದಾಗ್ಲೂ ಇದನ್ನೇ ಹೇಳಿದ್ರು, ಡಿಸ್ಕಿಗೆ ಅಂತ ಇ-ಸಾಟಾ ಪೋರ್ಟ್ ಬಂದಾಗ್ಲೂ ಇದನ್ನೇ ಹೇಳಿದ್ರು. ಎಲ್ಲಾ ಸತ್ತು ಮಣ್ಣಾದ್ವು. ಉಳಿದಿದ್ದು ಯುಎಸ್‌ಬಿ. ಥಂಡರ್‌ಬೋಲ್ಟ್ ಕೂಡ ಅದೇ ದಾರೀಲಿದೆ. 20 ಸಾವಿರ ಉಳಿಸಿ ಒಂದು ಲೆನ್ಸ್ ತಗೊಳ್ಳಿ.

ಲೆಕ್ಕಾಚಾರ (ಶಿವಮೊಗ್ಗ)

ಫೈರ್‌ವೈರ್ ಜಗಳ ಆಮೇಲೆ. ಅವರು ಕೇಳಿದ್ದು ಕಾಯೋದು ತಪ್ಪುತ್ತಾ ಅಂತ. ಲೆಕ್ಕ ಹಾಕೋಣ.

ಡಬ್ಬಿ ಮೇಲಿನ ಸಂಖ್ಯೆ ಬಿಟ್‌ಗಳದ್ದು. ಬೈಟಿಗೆ ತರೋಕೆ 8ರಿಂದ ಭಾಗಿಸಿ, ಮೇಲೆ ಒಂದಿಷ್ಟು ಖರ್ಚು ಕಳೀರಿ. ಒಂದು ಕಡೆ 256 ಜಿಬಿ ಫೈಲುಗಳು ಇವೆ ಅಂತ ಇಟ್ಕೊಳ್ಳಿ. ಯುಎಸ್‌ಬಿ 2.0ದಲ್ಲಿ ಕೈಗೆ ಸಿಗೋದು ಸೆಕೆಂಡಿಗೆ 35 ಎಂಬಿ ಆಸುಪಾಸು, ಅಂದ್ರೆ 2 ಗಂಟೆ. 5 ಜಿಬಿಪಿಎಸ್ ಪೋರ್ಟಲ್ಲಿ ಒಳ್ಳೆ ಎಸ್‌ಎಸ್‌ಡಿಗೆ 420 ಎಂಬಿ ಸಿಗುತ್ತೆ, 10 ನಿಮಿಷ. 10 ಜಿಬಿಪಿಎಸ್‌ನಲ್ಲಿ 1000 ಎಂಬಿ ಹತ್ತಿರ, 4 ನಿಮಿಷ ಚಿಲ್ಲರೆ. 40 ಜಿಬಿಪಿಎಸ್ ಪೋರ್ಟಿಗೆ ತಕ್ಕ ಡಿಸ್ಕ್, ತಕ್ಕ ಕೇಬಲ್ ಎಲ್ಲಾ ಇದ್ರೆ 3000 ಎಂಬಿ, ಒಂದೂವರೆ ನಿಮಿಷ.

2 ಗಂಟೆ 10 ನಿಮಿಷಕ್ಕೆ ಇಳಿದಾಗ ರಾತ್ರಿ ನಿದ್ದೆ ಸಿಕ್ತು. 4 ನಿಮಿಷ ಒಂದೂವರೆಗೆ ಇಳಿದ್ರೆ ಏನು ಸಿಗುತ್ತೆ? ಅದಕ್ಕೇ ಹೊಸ ಪೋರ್ಟ್ ಬಂದಾಗೆಲ್ಲಾ ಜನ ಮೊದಲಿನಷ್ಟು ಓಡಿಬರಲ್ಲ.

ಆದ್ರೆ ಈ ಲೆಕ್ಕ ಎಲ್ಲಾ ಎರಡೂ ತುದೀಲಿ ವೇಗದ ಎಸ್‌ಎಸ್‌ಡಿ ಇದ್ದಾಗ ಮಾತ್ರ. ಕ್ಯಾಮೆರಾದವ್ರೇ, ನಿಮ್ಮ ಕಾರ್ಡ್ ಯಾವುದು, ರೀಡರ್ ಯಾವುದು, ಕಾಪಿ ಇಡೋ ಡಿಸ್ಕ್ ಯಾವುದು? ಕಾರ್ಡ್ ಮೇಲೆ ವೇಗದ ದರ್ಜೆ ಹೇಳೋ ರೋಮನ್ ಒಂದು (I) ಇದೆಯೋ ಎರಡು (II) ಇದೆಯೋ ನೋಡಿ ಹೇಳಿ.

ಕುಡ್ಲದ_ಕೋಡರ್ (ಮಂಗಳೂರು)

ನಾನು ಫೈಲ್ ಕಾಪಿ ಮಾಡುವವನೇ ಅಲ್ಲ, ಆದರೂ ಥಂಡರ್‌ಬೋಲ್ಟ್ ಬಿಟ್ಟು ಇರುವುದಿಲ್ಲ ಮಾರಾಯ್ರೆ. ಮಾನಿಟರ್ ವಿಷಯ ಯಾರೂ ಎತ್ತಲಿಲ್ಲವಲ್ಲ.

ಟೈಪ್-ಸಿ ಒಳಗೆ ವೇಗದ ಡೇಟಾಕ್ಕೆ ನಾಲ್ಕು ಜೋಡಿ ತಂತಿ ಉಂಟು. ಸಾಧಾರಣ ಹಬ್ ಮೂಲಕ ಮಾನಿಟರ್ ಹಾಕಿದರೆ ಎರಡು ಜೋಡಿ ಚಿತ್ರಕ್ಕೆ ಹೋಗ್ತದೆ, ಉಳಿದ ಎರಡು ಯುಎಸ್‌ಬಿಗೆ. ಚಿತ್ರ ಕಳಿಸುವ ಮಾನಕ ಹಳೆಯ ಡಿಸ್‌ಪ್ಲೇಪೋರ್ಟ್ 1.2 ಆದರೆ ಆ ಎರಡರಲ್ಲಿ 4ಕೆ ಚಿತ್ರ 30 ಹರ್ಟ್ಸ್‌ಗಿಂತ (ಸೆಕೆಂಡಿಗೆ 30 ಸಲ) ಮೇಲೆ ಹೋಗುವುದಿಲ್ಲ. ಮೌಸ್ ಎಳೆದರೆ ತೂಕಡಿಸಿದ ಹಾಗೆ ಕಾಣ್ತದೆ. 60 ಬೇಕು ಅಂತ ನಾಲ್ಕೂ ಜೋಡಿ ಚಿತ್ರಕ್ಕೆ ಕೊಟ್ಟರೆ ಯುಎಸ್‌ಬಿಗೆ ಉಳಿಯುವುದು ಹಳೇ 2.0 ತಂತಿ ಮಾತ್ರ. ಅಂದರೆ 4ಕೆ ಮಾನಿಟರ್ ಚಂದ ಬರ್ತದೆ, ಅದೇ ಹಬ್‌ನಲ್ಲಿ ಇರುವ ಎಸ್‌ಎಸ್‌ಡಿ ತೆವಳ್ತದೆ. ಎಷ್ಟೋ ಜನ ಹಬ್ ಹಾಳಾಗಿದೆ ಅಂತ ಎಣಿಸುವುದು ಇದನ್ನೇ.

ಥಂಡರ್‌ಬೋಲ್ಟ್‌ನಲ್ಲಿ ಹೀಗೆ ತಂತಿ ಹಂಚುವುದಿಲ್ಲ. ಚಿತ್ರ, ಡೇಟಾ ಎಲ್ಲ ಪೊಟ್ಟಣ ಕಟ್ಟಿ ಒಂದೇ ಲೈನಿನಲ್ಲಿ ಕಳಿಸ್ತದೆ. ಥಂಡರ್‌ಬೋಲ್ಟ್ 4 ಅಂದರೆ ಎರಡು 4ಕೆ ಮಾನಿಟರ್ ನಡೆಯಲೇಬೇಕು, ಪಿಸಿಐಇ (ಕಂಪ್ಯೂಟರ್ ಒಳಗಿನ ಭಾಗಗಳನ್ನು ಜೋಡಿಸುವ ವೇಗದ ದಾರಿ) 32 ಜಿಬಿಪಿಎಸ್ ಕೊಡಲೇಬೇಕು ಅಂತ ಇಂಟೆಲ್‌ನ ಶರತ್ತು. ಯುಎಸ್‌ಬಿ4 ಅಂತ ಮಾತ್ರ ಬರೆದಿದ್ದರೆ 20 ಜಿಬಿಪಿಎಸ್ ಕೊಟ್ಟರೂ ಆಯ್ತು, 40 ಕಡ್ಡಾಯ ಅಲ್ಲ. ನಾನು ಹಣ ಕೊಡುವುದು ವೇಗಕ್ಕಲ್ಲ, ಆ ಶರತ್ತಿಗೆ. ಎಲ್ಲ ವೈರ್ ಸೇರುವ ಡಾಕ್ ಪೆಟ್ಟಿಗೆ ಮೇಜಿನ ಮೇಲೆ ಉಂಟು, ಬೆಳಿಗ್ಗೆ ಅದರ ಒಂದು ವೈರ್ ಚುಚ್ಚಿದರೆ ಎರಡು ಮಾನಿಟರ್, ಕೀಬೋರ್ಡ್, ನೆಟ್, ಚಾರ್ಜ್ ಎಲ್ಲ ಬಂತು. ಸಂಜೆ ಒಂದು ವೈರ್ ತೆಗೆದರೆ ಮುಗೀತು.

ಅಗ್ಗದಮಾಲು

ಆ ಡಾಕಿನ ಬೆಲೆ ಹೇಳಿ ಸ್ವಾಮಿ ಮೊದಲು.

ಕುಡ್ಲದ_ಕೋಡರ್

ಕಂಪನಿ ಕೊಟ್ಟದ್ದು, ಬೆಲೆ ಎಂತಕ್ಕೆ ಕೇಳ್ತೀರಿ 😀

ಹಳೇಥಿಂಕ್‌ಪ್ಯಾಡ್

ತುಮಕೂರಿನವರ ಫೈರ್‌ವೈರ್ ಮಾತಿಗೆ ಬರುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಬೇಡದವರು ದಾಟಿ ಹೋಗಿ.

ಫೈರ್‌ವೈರ್ ಸತ್ತದ್ದು ನಿಧಾನ ಎಂಬ ಕಾರಣಕ್ಕಲ್ಲ. 1995ರಲ್ಲಿ ಅದು ಐಇಇಇ 1394 ಎಂಬ ಮಾನಕವಾಯಿತು, ವೇಗ 400 ಎಂಬಿಪಿಎಸ್. ಮರುವರ್ಷ ಬಂದ ಯುಎಸ್‌ಬಿ ವೇಗ ಬರೀ 12. ಯುಎಸ್‌ಬಿ 2.0 ಬಂದು 480 ಎಂದು ಬರೆದುಕೊಂಡ ಮೇಲೂ ದೊಡ್ಡ ಫೈಲ್ ಕಾಪಿಯಲ್ಲಿ ಫೈರ್‌ವೈರೇ ಮುಂದಿತ್ತು. ಮಿನಿ ಡಿವಿ ಕಾಲದ ಮದುವೆ ವಿಡಿಯೊದವರನ್ನು ಕೇಳಿ. ಒಂದು ಗಂಟೆಯ ಟೇಪಿಗೆ ಒಂದು ಗಂಟೆ ಕೂತು ಫೈರ್‌ವೈರಿನಲ್ಲಿ ಇಳಿಸಿಕೊಳ್ಳುತ್ತಿದ್ದರು, 13 ಜಿಬಿ ಆಗುತ್ತಿತ್ತು. ಲ್ಯಾಪ್‌ಟಾಪ್‌ನಲ್ಲಿ ಪೋರ್ಟ್ ಇಲ್ಲದವರು ಬದಿಯ ಸ್ಲಾಟ್‌ಗೆ ಹಾಕುವ ಪಿಸಿಎಂಸಿಐಎ ಕಾರ್ಡ್ ಸಿಕ್ಕಿಸುತ್ತಿದ್ದರು. ಅಷ್ಟಿದ್ದೂ ಸೋತಿತು. ಪ್ರತಿ ಪೋರ್ಟಿಗೆ 1 ಡಾಲರ್ ರಾಯಲ್ಟಿ ಬೇಕೆಂದು ಆಪಲ್ ಮೊದಲು ಹಟ ಹಿಡಿಯಿತು. ಆಮೇಲೆ ಎಲ್ಲ ಪೇಟೆಂಟ್‌ದಾರರು ಸೇರಿ ಒಂದು ಯಂತ್ರಕ್ಕೆ 25 ಸೆಂಟ್‌ಗೆ ಇಳಿಸಿದರು, ಅಷ್ಟರಲ್ಲಿ ಇಂಟೆಲ್ ಮನಸ್ಸು ಮುರಿದಿತ್ತು. ಇಂಟೆಲ್ ತನ್ನ ಚಿಪ್‌ಸೆಟ್ಟಿನೊಳಗೆ (ಪ್ರೊಸೆಸರ್ ಜೊತೆ ಬರುವ ಮುಖ್ಯ ಚಿಪ್) ಹಾಕಿದ ಪೋರ್ಟ್ ಲ್ಯಾಪ್‌ಟಾಪ್ ತಯಾರಕರಿಗೆ ಪುಕ್ಕಟೆ ಸಿಕ್ಕ ಹಾಗೆ. ಹೊರಗಿನಿಂದ ಚಿಪ್ ತಂದು ಕೂರಿಸಬೇಕು ಎಂದರೆ ಖರ್ಚು, ಜಾಗ, ಬ್ಯಾಟರಿ ಮೂರೂ ಹೋಗುತ್ತವೆ. ಅಗ್ಗದ ಲ್ಯಾಪ್‌ಟಾಪ್‌ನಲ್ಲಿ ಅದು ಬರುವುದೇ ಇಲ್ಲ.

ಯುಎಸ್‌ಬಿ 3.0ದ ಕಥೆ ನೋಡಿ. ಕಾಗದದ ಮೇಲೆ ಬಂದದ್ದು 2008ರ ನವೆಂಬರ್. ಇಂಟೆಲ್‌ನ ಸ್ವಂತ ಚಿಪ್‌ಸೆಟ್ಟಿಗೆ ಬಂದದ್ದು 2012ರಲ್ಲಿ, ಐವಿ ಬ್ರಿಡ್ಜ್ ಪ್ರೊಸೆಸರ್‌ಗಳ ಜೊತೆ. ಅದರ ಪ್ರತಿಸ್ಪರ್ಧಿ ಎಎಂಡಿ ಒಂದು ವರ್ಷ ಮೊದಲೇ ತಂದಿತ್ತು. ನಡುವಿನ ಮೂರ್ನಾಲ್ಕು ವರ್ಷ ಎನ್‌ಇಸಿ ಚಿಪ್ ಹಾಕಿಸಿಕೊಂಡ ದುಬಾರಿ ಮಾಡೆಲ್‌ಗಳಲ್ಲಿ ಒಂದೆರಡು ನೀಲಿ ಪೋರ್ಟ್ (ನೀಲಿ ಬಣ್ಣ 3.0ದ ಗುರುತು). ಮಿಕ್ಕವರಿಗೆ ಬದಿಯಲ್ಲಿ ಕಾರ್ಡ್ ಸಿಕ್ಕಿಸುವ ಎಕ್ಸ್‌ಪ್ರೆಸ್‌ಕಾರ್ಡ್ ಸ್ಲಾಟ್‌ನ ಗತಿ. ಆ ಕಾರ್ಡ್ ನಾನೂ ಇಟ್ಟುಕೊಂಡಿದ್ದೆ. ಸ್ಲಾಟ್‌ನೊಳಗೆ ಇದ್ದದ್ದು 2.5 ಜಿಬಿಪಿಎಸ್‌ನ ಒಂದೇ ಪಿಸಿಐಇ ಲೇನ್, ಹಾಗಾಗಿ 5 ಎಂದು ಬರೆದಿದ್ದರೂ ಅರ್ಧವೂ ಸಿಗುತ್ತಿರಲಿಲ್ಲ. ಸ್ಲಾಟ್‌ನಲ್ಲಿ 5 ವೋಲ್ಟ್ ಬರುತ್ತಿರಲಿಲ್ಲವಾದ್ದರಿಂದ ಡಿಸ್ಕಿಗೆ ಕರೆಂಟ್ ಕೊಡಲು ಪಕ್ಕದ ಯುಎಸ್‌ಬಿಯಿಂದ ಇನ್ನೊಂದು ವೈರ್ ಎಳೆಯಬೇಕು. ಮೇಲಾಗಿ ಕಾರ್ಡ್ ಅರ್ಧ ಹೊರಗೆ ಚಾಚಿಕೊಂಡು ಬ್ಯಾಗಿಗೆ ಹಾಕುವಾಗೆಲ್ಲ ಎಲ್ಲಿ ಮುರಿಯುತ್ತದೋ ಎಂಬ ಭಯ.

ಇ-ಸಾಟಾದಲ್ಲಿ 3 ಜಿಬಿಪಿಎಸ್ ವೇಗವಿತ್ತು, ಪೋರ್ಟಿನಲ್ಲಿ ಕರೆಂಟೇ ಇರಲಿಲ್ಲ. ಬೇರೆ ಅಡಾಪ್ಟರ್ ಹೊತ್ತು ತಿರುಗುವವರು ಯಾರು?

ಥಂಡರ್‌ಬೋಲ್ಟಿಗೆ ಬರೋಣ. 2009ರಲ್ಲಿ ಇಂಟೆಲ್ "ಲೈಟ್ ಪೀಕ್" ಎಂದು ಬೆಳಕಿನ ಕೇಬಲ್ ತೋರಿಸಿತು. 2011ರ ಫೆಬ್ರವರಿಯಲ್ಲಿ ಮ್ಯಾಕ್‌ಬುಕ್ ಪ್ರೊದಲ್ಲಿ ಬಂದಾಗ ಅದು ತಾಮ್ರದ ಕೇಬಲ್ ಆಗಿತ್ತು. ಆ ಕೇಬಲ್‌ನ ಎರಡೂ ತುದಿಗಳಲ್ಲಿ ಚಿಪ್, ಬೆಲೆ 49 ಡಾಲರ್. ಕಂಟ್ರೋಲರ್ ಇಂಟೆಲ್‌ನದೇ ಆಗಬೇಕು, ಪ್ರಮಾಣಪತ್ರವೂ ಇಂಟೆಲ್‌ನದೇ. ಅಲ್ಲಿಯವರೆಗೆ ಫೈರ್‌ವೈರ್ ಹಾದಿಯಲ್ಲೇ ಇತ್ತು, ಒಪ್ಪುತ್ತೇನೆ. ಆಮೇಲೆ ಮೂರು ಕೆಲಸ ಆಯಿತು. 2015ರಲ್ಲಿ ಥಂಡರ್‌ಬೋಲ್ಟ್ 3 ತನ್ನದೇ ಪ್ಲಗ್ ಬಿಟ್ಟು ಟೈಪ್-ಸಿಗೆ ಬಂತು. 2019ರಲ್ಲಿ ಇಂಟೆಲ್ ಅದರ ಪ್ರೊಟೊಕಾಲನ್ನು ಯುಎಸ್‌ಬಿ ಕೂಟಕ್ಕೇ ಕೊಟ್ಟಿತು, ಅದೇ ಯುಎಸ್‌ಬಿ4ರ ಬುನಾದಿ. ಅದೇ ವರ್ಷ ಇಂಟೆಲ್‌ನ ಐಸ್ ಲೇಕ್ ಪೀಳಿಗೆಯಲ್ಲಿ ಪ್ರೊಸೆಸರ್ ಒಳಗೇ ಸೇರಿತು. 2022ರಲ್ಲಿ ಎಎಂಡಿ ರೈಜನ್ 6000 ಲ್ಯಾಪ್‌ಟಾಪ್‌ಗಳಿಗೂ ಯುಎಸ್‌ಬಿ4 ಬಂತು. ಇದು ಸಾಯುವ ಲಕ್ಷಣವೇ?

ನನ್ನ ವಾದ ಇಷ್ಟೇ: ಎಸ್‌ಎಸ್‌ಡಿ ದೊಡ್ಡದು ಹಾಕಿಸಬಹುದು, ಎಷ್ಟೋ ಮಾಡೆಲ್‌ಗಳಲ್ಲಿ ರ‍್ಯಾಮೂ ಹಾಕಿಸಬಹುದು. ಪೋರ್ಟ್ ಮಾತ್ರ ಕೊಂಡ ದಿನ ಏನಿತ್ತೋ ಅದೇ.

ಅಗ್ಗದಮಾಲು

ಅಂದ್ರೆ ಕೊನೆಗೆ ಯುಎಸ್‌ಬಿ ಅನ್ನೋ ಹೆಸರೇ ಗೆದ್ದಿದ್ದು ತಾನೆ ಸರ್. ನಾನು ಹೇಳಿದ್ದೂ ಅದೇ.

ಇನ್ನೊಂದು. ಯುಎಸ್‌ಬಿ ಗೆದ್ದಿದ್ದೇ ಅಗ್ಗ ಇದ್ದಿದ್ದಕ್ಕೆ. ಅದನ್ನ ಮಾಡಿದ ತಂಡದ ಅಜಯ್ ಭಟ್ ಅವರೇ ಹೇಳಿದಾರಲ್ಲ: ಪ್ಲಗ್ ಎರಡೂ ಕಡೆ ತಿರುಗಿಸಿ ಚುಚ್ಚೋ ಹಾಗೆ ಮಾಡ್ಬಹುದಿತ್ತು, ಆದ್ರೆ ತಂತಿ, ಸರ್ಕ್ಯೂಟ್ ಎರಡು ಪಟ್ಟಾಗಿ ಖರ್ಚು ಏರುತ್ತೆ ಅಂತ ಬಿಟ್ವಿ ಅಂತ. ಇಪ್ಪತ್ತು ವರ್ಷ ಪ್ರಪಂಚವೆಲ್ಲಾ ಪ್ಲಗ್ ಉಲ್ಟಾ ಚುಚ್ಚಿ ಚುಚ್ಚಿ ಬೈದ್ಕೊಂಡ್ರೂ ಅದನ್ನೇ ಕೊಂಡ್ಕೊಂಡ್ರು. ದುಬಾರಿ ಬೆಲೆಗೆ ಸರಿಯಾದ್ದು ಕೊಟ್ಟಿದ್ರೆ ಫೈರ್‌ವೈರ್ ಗತಿಯೇ ಆಗ್ತಿತ್ತು.

ರಿಪೇರಿ_ಟೇಬಲ್ (ಹುಬ್ಬಳ್ಳಿ)

ಎಲ್ಲಾರೂ ವೇಗದ್ದ ಮಾತಾಡಾಕತ್ತೀರಿ. ನಾ ರಿಪೇರಿ ಮಾಡಾಂವ, ನಂದೊಂದು ಕೇಳ್ರಿ.

ಟೈಪ್-ಸಿ ಒಳಗ 24 ಪಿನ್ ಅದಾವ. ಹತ್ತು ಸಾವಿರ ಸಲ ಚುಚ್ಚಿ ತೆಗೀಬಹುದು ಅಂತ ರೇಟಿಂಗ್ ಇರತೈತಿ, ಅದು ಖರೇನ. ಆದ್ರ ಚುಚ್ಚಿ ತೆಗದ ಹಾಳಾಗಿ ಬಂದ ಪೋರ್ಟ್ ಭಾಳ ಕಡಿಮಿ. ಬರೂದು ಎಂಥಾವು ಅಂದ್ರ, ವೈರ್ ಚುಚ್ಚಿದ್ದ ಹಂಗ ಲ್ಯಾಪ್‌ಟಾಪ್ ಕೆಳಗ ಬಿದ್ದಿದ್ದು, ಹುಡುಗ್ರು ವೈರಿಗೆ ಕಾಲ ತೊಡರಿಸಿ ಎಳದಿದ್ದು. ಮೊದಲ ಚಾರ್ಜಿಂಗ್ ಪಿನ್ ಮುರದ್ರ ಚಾರ್ಜಿಂಗ್ ಅಷ್ಟ ಹೋಗ್ತಿತ್ತು. ಈಗ ಚಾರ್ಜಿಂಗೂ ಅದ, ಡೇಟಾನೂ ಅದ, ಮಾನಿಟರೂ ಅದ. ಒಂದ ಪೋರ್ಟ್ ಹೋತಂದ್ರ ಮೂರೂ ಹೋದಂಗ.

ಕೆಲವು ಮಾಡೆಲ್‌ದಾಗ ಪೋರ್ಟ್ ಸಣ್ಣ ಬ್ಯಾರೆ ಬೋರ್ಡ್ ಮ್ಯಾಲೆ ಇರತೈತಿ, ಆ ಬೋರ್ಡ್ ಬದಲ ಮಾಡಿದ್ರ ಆತು. ಭಾಳಷ್ಟರಾಗ ಮದರ್‌ಬೋರ್ಡ್ ಮ್ಯಾಲೇ ಬೆಸುಗಿ ಹಾಕಿರ್ತಾರ. ಥಂಡರ್‌ಬೋಲ್ಟ್ ಪೋರ್ಟ್ ಆದ್ರ ಅದರ ಬಾಜೂಕ ಸಿಗ್ನಲ್ ಸರಿ ಮಾಡಾಕ ರೀಟೈಮರ್ ಅಂತ ಒಂದು ಚಿಪ್ ಇರತೈತಿ. ಖೊಟ್ಟಿ ಚಾರ್ಜರ್ ಹಾಕಿ ಅದು ಸುಟ್ಟಿತ್ತಂದ್ರ ಆ ಚಿಪ್ ಹುಡುಕೂದ ದೊಡ್ಡ ಕೆಲಸ. ಹಾಸನದವರ, ನೀವು ಯಾವುದರ ತಗೋರಿ, ಚಾರ್ಜ್ ಮಾಡಾಕ ಒಂದು ಪೋರ್ಟ್, ಡಿಸ್ಕ್ ಹಚ್ಚಾಕ ಇನ್ನೊಂದು ಪೋರ್ಟ್ ಅಂತ ರೂಢಿ ಮಾಡ್ಕೋರಿ. ಎರಡೂ ಪೋರ್ಟ್ ಒಂದ ಬದಿ ಇರೋ ಮಾಡೆಲ್ ಬ್ಯಾಡ.

ಎಸ್‌ಪಿರೋಡ್_ಸವಾರ

ಖೊಟ್ಟಿ ಕೇಬಲ್ ಬಗ್ಗೆ ಒಂದು ನೆನಪಾಯ್ತು. ಗೂಗಲ್‌ನ ಇಂಜಿನಿಯರ್ ಬೆನ್ಸನ್ ಲಿಯಂಗ್ ಅಂತ, 2015ರಲ್ಲಿ ಅಮೆಜಾನಲ್ಲಿ ಸಿಗೋ ಟೈಪ್-ಸಿ ಕೇಬಲ್‌ಗಳನ್ನ ಒಂದೊಂದಾಗಿ ತರಿಸಿ ಪರೀಕ್ಷೆ ಮಾಡಿ ರಿವ್ಯೂ ಬರೀತಿದ್ದ. ಮುಂದಿನ ವರ್ಷ ಒಂದು ಕೇಬಲ್ ತಂತಿಗಳನ್ನೇ ತಪ್ಪಾಗಿ ಜೋಡಿಸಿತ್ತು, ಅವನ ಕ್ರೋಮ್‌ಬುಕ್ ಪಿಕ್ಸೆಲ್ ಕೆಟ್ಟೇಹೋಯ್ತು. ಗೂಗಲ್ ಇಂಜಿನಿಯರಿಗೇ ಹಿಂಗಾದ್ರೆ ನಮ್ಮ ಪಾಡೇನು!

ಫೈಲಿಂಗ್_ಸೀಸನ್ (ದಾವಣಗೆರೆ)

ಆಡಿಟರ್ ಆಫೀಸಿನಿಂದ ಒಂದು ವಿನಂತಿ. ಮಾಮೂಲಿ ಚೌಕ ಯುಎಸ್‌ಬಿಯನ್ನು ದಯವಿಟ್ಟು ಕೊಲ್ಲಬೇಡಿ. ಜಿಎಸ್‌ಟಿ, ಆದಾಯ ತೆರಿಗೆ ಎರಡಕ್ಕೂ ಕಂಪನಿ ಕ್ಲೈಂಟ್‌ಗಳ ಡಿಜಿಟಲ್ ಸಿಗ್ನೇಚರ್ ಟೋಕನ್ ಬೇಕು. ನಮ್ಮ ಕ್ಲೈಂಟ್‌ಗಳ ಟೋಕನ್‌ಗಳೆಲ್ಲ ಚೌಕ ಪ್ಲಗ್. ನಮ್ಮಲ್ಲಿ ಡ್ರಾಯರ್ ತುಂಬ ಇವೆ. ಅವಕ್ಕೆ ಯಾವ ವೇಗವೂ ಬೇಡ. ಹೊಸ ತೆಳು ಲ್ಯಾಪ್‌ಟಾಪ್ ತಂದ ನಮ್ಮ ಸರ್, ಗಡುವಿನ ದಿನ ಅಡಾಪ್ಟರ್ ಸಿಗದೆ ಆಫೀಸೆಲ್ಲ ಹುಡುಕಿಸಿದರು. 2016ರಲ್ಲಿ ಆಪಲ್ ಮ್ಯಾಕ್‌ಬುಕ್ ಪ್ರೊದ ಹೆಡ್‌ಫೋನ್ ತೂತು ಬಿಟ್ಟು ಮಿಕ್ಕ ಪೋರ್ಟ್ ಕಿತ್ತು ಬರೀ ಟೈಪ್-ಸಿ ಇಟ್ಟಿತಲ್ಲ, 2021ರಲ್ಲಿ ಎಚ್‌ಡಿಎಂಐ, ಎಸ್‌ಡಿ ಕಾರ್ಡ್ ಸ್ಲಾಟ್, ಅಯಸ್ಕಾಂತದ ಮ್ಯಾಗ್‌ಸೇಫ್ ಚಾರ್ಜಿಂಗ್ ವಾಪಸ್ ತಂದಿತು. ಚೌಕ ಯುಎಸ್‌ಬಿ ಮಾತ್ರ ವಾಪಸ್ ಬರಲಿಲ್ಲ ಎನ್ನುವುದು ನಮ್ಮ ಆಫೀಸಿನ ದುಃಖ.

ರೈನ್_ದಂಡೆ (ಜರ್ಮನಿ)

ಇಲ್ಲಿಂದ ಎರಡು ವಿಷಯ.

ಒಂದು, ಐರೋಪ್ಯ ಒಕ್ಕೂಟದ ಕಾನೂನು. ಫೋನ್‌ಗಳಿಗೆ 2024ರ ಡಿಸೆಂಬರ್ 28ರಿಂದ, ಲ್ಯಾಪ್‌ಟಾಪ್‌ಗಳಿಗೆ 2026ರ ಏಪ್ರಿಲ್ 28ರಿಂದ ಟೈಪ್-ಸಿ ಚಾರ್ಜಿಂಗ್ ಕಡ್ಡಾಯ. ಹಾಗಾಗಿ ಎಲ್ಲ ಟೈಪ್-ಸಿಯೂ ಒಂದೇ ಆಗಿಬಿಡುತ್ತದೆ ಎಂದುಕೊಂಡವರು ಇಲ್ಲೂ ಇದ್ದಾರೆ. ಕಾನೂನು ಹೇಳುವುದು ಚಾರ್ಜಿಂಗ್ ಬಗ್ಗೆ. ಡೇಟಾ ವೇಗ ಇಷ್ಟಿರಲೇಬೇಕು ಎಂದು ಅದರಲ್ಲಿಲ್ಲ. ಭಾರತದಲ್ಲೂ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) 2023ರ ಜನವರಿಯಲ್ಲಿ ಟೈಪ್-ಸಿ ಮಾನಕ ಪ್ರಕಟಿಸಿದೆ.

ಎರಡು, 20 ಜಿಬಿಪಿಎಸ್ ಡಿಸ್ಕ್‌ಗಳ ಬಲೆ. ಸ್ಯಾಮ್‌ಸಂಗ್ ಟಿ9 ಥರದವು ಸೆಕೆಂಡಿಗೆ 2000 ಎಂಬಿ ಎನ್ನುತ್ತವೆ. ಆ ವೇಗ ಬರಬೇಕಾದರೆ ಪೋರ್ಟ್ 3.2 ಜೆನ್ 2×2 ಆಗಿರಬೇಕು. ಬಹುಪಾಲು ಮ್ಯಾಕ್‌ಗಳಲ್ಲಿ ಅದು ಇಲ್ಲ. ಥಂಡರ್‌ಬೋಲ್ಟ್ 4 ಪೋರ್ಟ್‌ಗಳಲ್ಲೂ ಸಾಮಾನ್ಯವಾಗಿ ಇರುವುದಿಲ್ಲ. 40 ಜಿಬಿಪಿಎಸ್ ಪೋರ್ಟಿಗೆ 20ರ ಡಿಸ್ಕ್ ಚುಚ್ಚಿದರೆ 10ರಲ್ಲಿ ಓಡುತ್ತದೆ! ಥಂಡರ್‌ಬೋಲ್ಟ್ ಲ್ಯಾಪ್‌ಟಾಪ್ ತಗೊಂಡರೆ ಒಂದೋ 10ರ ಡಿಸ್ಕ್ ತಗೊಳ್ಳಿ, ಇಲ್ಲವೇ ನೇರ ಯುಎಸ್‌ಬಿ4ರದ್ದು. ನಡುವಿನದು ಬೇಡ.

ಬೂಟ್‌ಲೋಡರ್ (ಬೆಂಗಳೂರು)

ಭದ್ರತೆ ಬಗ್ಗೆ ಯಾರೂ ಹೇಳಲಿಲ್ಲ. ಥಂಡರ್‌ಬೋಲ್ಟ್ ಅಂದರೆ ಪಿಸಿಐಇಯನ್ನು ಹೊರಗೆ ತಂದಿಟ್ಟ ಹಾಗೆ, ಚುಚ್ಚಿದ ಸಾಧನ ಮೆಮೊರಿಯನ್ನು ನೇರ ಮುಟ್ಟಬಲ್ಲದು. 2020ರಲ್ಲಿ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವೆನ್ ತಾಂತ್ರಿಕ ವಿವಿಯ ಸಂಶೋಧಕರೊಬ್ಬರು "ಥಂಡರ್‌ಸ್ಪೈ" ಎಂದು ತೋರಿಸಿದ್ದು ಇದನ್ನೇ: ಲಾಕ್ ಆಗಿರುವ ಲ್ಯಾಪ್‌ಟಾಪ್ ಕೆಲವೇ ನಿಮಿಷ ಕೈಗೆ ಸಿಕ್ಕರೆ ಸಾಕು. ಥಂಡರ್‌ಬೋಲ್ಟ್ 4ಕ್ಕೆ ಡಿಎಂಎ (ಹೀಗೆ ಮೆಮೊರಿಯನ್ನು ನೇರ ಮುಟ್ಟುವುದು) ವಿರುದ್ಧ ರಕ್ಷಣೆ ಕಡ್ಡಾಯ ಮಾಡಿದ್ದಾರೆ, ಹಾಗಾಗಿ ಹೊಸದು ಕೊಳ್ಳುವವರಿಗೆ ಚಿಂತೆ ಕಡಿಮೆ. ಸೆಕೆಂಡ್‌ಹ್ಯಾಂಡ್ ಥಂಡರ್‌ಬೋಲ್ಟ್ 3 ಯಂತ್ರ ಕೊಳ್ಳುವವರು ಬಯಾಸ್ ಸೆಟ್ಟಿಂಗ್ ನೋಡಿಕೊಳ್ಳಿ.

ಲಿನಕ್ಸ್‌ನಲ್ಲಿ ಡಿಸ್ಕ್ ಯಾವ ವೇಗದಲ್ಲಿ ಕೂತಿದೆ ಎಂದು ನೋಡಲು ಎಲ್‌ಎಸ್‌ಯುಎಸ್‌ಬಿ ಆಜ್ಞೆಯನ್ನು ಮರದ ರೂಪದಲ್ಲಿ (lsusb -t) ಓಡಿಸಿ. ಸಾಲಿನ ಕೊನೆಯಲ್ಲಿ ಎಂಬಿಪಿಎಸ್ ಲೆಕ್ಕದಲ್ಲಿ 480, 5000, 10000 ಎಂದು ತೋರಿಸುತ್ತದೆ. 480 ಕಂಡರೆ ಮೊದಲು ಕೇಬಲ್ ಬದಲಿಸಿ, ಆಮೇಲೆ ಮಿಕ್ಕದ್ದನ್ನು ಬೈಯಿರಿ.

ಮದುವೆಮನೆ_ಕ್ಯಾಮೆರಾ

ಅಬ್ಬಾ, ಇಷ್ಟೊಂದು ಉತ್ತರ! ಎಲ್ಲರಿಗೂ ಥ್ಯಾಂಕ್ಸ್. ಶಿವಮೊಗ್ಗದವರು ಕೇಳಿದ್ದಕ್ಕೆ: ಕಾರ್ಡ್ ಮೇಲೆ ರೋಮನ್ ಒಂದು ಇದೆ, 128 ಜಿಬಿಯವು ನಾಲ್ಕು. ರೀಡರ್ ಯಾವುದೋ ಕಂಪನಿದು, ಕ್ಯಾಮೆರಾ ಜೊತೆ ಅಂಗಡಿಯವರು ಫ್ರೀ ಕೊಟ್ಟಿದ್ದು, ಪ್ಲಗ್ ಒಳಗೆ ನೀಲಿ ಇಲ್ಲ, ಕಪ್ಪು. ಕಾಪಿ ಇಡೋದು ಎರಡು ಪೋರ್ಟಬಲ್ ಹಾರ್ಡ್ ಡಿಸ್ಕ್. ಎಡಿಟಿಂಗ್ ಎಸ್‌ಎಸ್‌ಡಿ 10 ಜಿಬಿಪಿಎಸ್‌ದು, ಸೆಕೆಂಡಿಗೆ 1050 ಎಂಬಿ ಅಂತ ಬರೆದಿದೆ. ಈಗಿನ ಲ್ಯಾಪ್‌ಟಾಪಲ್ಲಿ ನೀಲಿ ಪೋರ್ಟ್ ಎರಡಿವೆ.

ಲೆಕ್ಕಾಚಾರ

ಸಿಕ್ತು ನೋಡಿ ಕಳ್ಳ. ಕಪ್ಪು ಪ್ಲಗ್‌ನ ರೀಡರ್ ಅಂದ್ರೆ ಯುಎಸ್‌ಬಿ 2.0 ಇರೋ ಸಾಧ್ಯತೆ ಹೆಚ್ಚು, ಸೆಕೆಂಡಿಗೆ 35 ಎಂಬಿ. ನಾಲ್ಕು ಕಾರ್ಡೂ ತುಂಬಿದ್ರೆ 4 ಗಂಟೆ. ನೀವು ಥಂಡರ್‌ಬೋಲ್ಟ್ 5 ತಂದ್ರೂ, 80 ಜಿಬಿಪಿಎಸ್ ತಂದ್ರೂ ಅದೇ 4 ಗಂಟೆ. ಬಡಿಸೋನು ಒಬ್ಬನೇ ಇರೋವಾಗ ಪಂಕ್ತಿ ಎಷ್ಟು ಉದ್ದ ಹಾಕಿದ್ರೇನು?

ಈಗಲೇ, ಹಳೇ ಲ್ಯಾಪ್‌ಟಾಪಲ್ಲೇ, ಮಾಡ್ಬಹುದಾದ್ದು ಹೇಳ್ತೀನಿ. ಒಂದು ಒಳ್ಳೆ ಯುಎಸ್‌ಬಿ 3 ರೀಡರ್ ತಗೊಳ್ಳಿ. ನಿಮ್ಮ ರೋಮನ್ ಒಂದರ, ಅಂದ್ರೆ ಯುಎಚ್‌ಎಸ್-1 ಕಾರ್ಡಿನ ಮೇಲ್ಮಿತಿ 104 ಎಂಬಿ, ಕೈಗೆ 90 ಸಿಗುತ್ತೆ. 4 ಗಂಟೆ ಒಂದೂವರೆ ಗಂಟೆಗೆ ಬಂತು. ಎರಡು ರೀಡರ್ ತಗೊಂಡು ಎರಡು ಕಾರ್ಡ್ ಒಟ್ಟಿಗೆ ಖಾಲಿ ಮಾಡಿದ್ರೆ ಮುಕ್ಕಾಲು ಗಂಟೆ. ಮುಂದೆ ಕಾರ್ಡ್ ಕೊಳ್ಳೋವಾಗ ಯುಎಚ್‌ಎಸ್-2 ತಗೊಳ್ಳಿ. ನಿಮ್ಮ ಕ್ಯಾಮೆರಾ ಅದನ್ನ ಹಳೇ ವೇಗದಲ್ಲೇ ಬರೆದ್ರೂ ಯುಎಚ್‌ಎಸ್-2 ರೀಡರಲ್ಲಿ 250 ಎಂಬಿ ಹತ್ತಿರ ಓದ್ಬಹುದು. ಇದನ್ನ ಎಷ್ಟೋ ಜನ ಗಮನಿಸಲ್ಲ.

ಮೊದಲು ಎಲ್ಲಾ ಎಸ್‌ಎಸ್‌ಡಿಗೆ ಇಳಿಸಿ. ಅಲ್ಲಿಂದ ಎರಡೂ ಹಾರ್ಡ್ ಡಿಸ್ಕಿಗೆ ಕಾಪಿ ಹಚ್ಚಿ ಮಲಗಿ. ಪೋರ್ಟಬಲ್ ಹಾರ್ಡ್ ಡಿಸ್ಕ್ ತಿರುಗೋ ವೇಗಕ್ಕೆ ಸೆಕೆಂಡಿಗೆ 100ರಿಂದ 140 ಎಂಬಿ ಅಷ್ಟೆ, ಅದಕ್ಕೆ 5 ಜಿಬಿಪಿಎಸ್ ಪೋರ್ಟೇ ಧಾರಾಳ. ಎರಡೂ ಕಡೆ ಕಾಪಿ ಸರಿಯಾಗಿದೆ ಅಂತ ಗೊತ್ತಾಗೋವರೆಗೂ ಕಾರ್ಡ್ ಫಾರ್ಮ್ಯಾಟ್ ಮಾಡ್ಬೇಡಿ, ಇದನ್ನ ನಿಮಗೆ ಹೇಳೋದೇ ಬೇಡ.

ಎಸ್‌ಎಸ್‌ಡಿ ಬಗ್ಗೆಯೂ ಒಂದು ಮಾತು. ಬರೆದಿರೋ 1050 ಶುರುವಿನ ವೇಗ. ಒಳಗೆ ಸ್ವಲ್ಪ ಜಾಗ ವೇಗದ ಬರವಣಿಗೆಗೆ ಮೀಸಲಿರುತ್ತೆ, ಅದು ತುಂಬಿದ ಮೇಲೆ ವೇಗ ಬೀಳುತ್ತೆ. ಒಂದೇ ಕೋಶಕ್ಕೆ ನಾಲ್ಕು ಬಿಟ್ ತುರುಕೋ ಅಗ್ಗದ ಕ್ಯೂಎಲ್‌ಸಿ ಡಿಸ್ಕ್‌ಗಳು ಆಗ ಹಾರ್ಡ್ ಡಿಸ್ಕಿಗಿಂತ ಕೆಳಗೂ ಹೋಗ್ತಾವೆ. 10 ಜಿಬಿ ಕಾಪಿ ಮಾಡೋರಿಗೆ ಗೊತ್ತೇ ಆಗಲ್ಲ, 500 ಜಿಬಿ ಸುರಿಯೋ ನಿಮಗೆ ಗೊತ್ತಾಗುತ್ತೆ.

ಹಳೇಥಿಂಕ್‌ಪ್ಯಾಡ್

ಲೆಕ್ಕ ಒಪ್ಪಿದೆ. ಇವತ್ತಿನ ಕೆಲಸಕ್ಕೆ 10 ಜಿಬಿಪಿಎಸ್ ಸಾಕು. ಆದರೆ ಮುಂದೆ 6ಕೆ ಕ್ಯಾಮೆರಾ, ಸಿಎಫ್‌ಎಕ್ಸ್‌ಪ್ರೆಸ್ ಕಾರ್ಡ್ ಬಂದರೆ? ಆ ಕಾರ್ಡುಗಳು ಸೆಕೆಂಡಿಗೆ 1700 ಎಂಬಿ ಓದುತ್ತವೆ.

ಲೆಕ್ಕಾಚಾರ

ಆ ಕ್ಯಾಮೆರಾ ಕೊಳ್ಳೋ ದಿನ ಬಂದ್ರೆ ಲ್ಯಾಪ್‌ಟಾಪಿಂದೂ ಅದರ ಜೊತೆಗೇ ಯೋಚ್ನೆ ಮಾಡ್ಲಿ ಬಿಡಿ ಸರ್. ಇವರ ಕೆಲಸದಲ್ಲಿ ವೇಗಕ್ಕಿಂತ ಪೋರ್ಟ್ ಎಷ್ಟಿವೆ ಅನ್ನೋದು ಮುಖ್ಯ. ರೀಡರ್ ಎರಡು, ಡಿಸ್ಕ್ ಎರಡು, ಎಸ್‌ಎಸ್‌ಡಿ ಒಂದು, ಚಾರ್ಜರ್ ಒಂದು. ಮೊದಲ ಮಾಡೆಲಲ್ಲಿ ನಾಲ್ಕಿವೆ, ಎರಡನೇದ್ರಲ್ಲಿ ಮೂರು.

ಮದುವೆಮನೆ_ಕ್ಯಾಮೆರಾ

ಮೊದಲನೇದಕ್ಕೇ ಮನಸ್ಸು ಮಾಡಿದೆ. ಉಳಿದ ದುಡ್ಡಲ್ಲಿ ಎರಡು ರೀಡರ್, ಯುಎಚ್‌ಎಸ್-2 ಕಾರ್ಡ್ ತಗೋತೀನಿ. ಮೈಸೂರಿನ ಸರ್ ಬೇಜಾರು ಮಾಡ್ಕೋಬೇಡಿ. ಕೊನೇದಾಗಿ ಒಂದೇ ಡೌಟು: ಎಲ್ಲಾನೂ ಒಂದೇ ಹಬ್‌ಗೆ ಚುಚ್ಚಿ ಆ ಹಬ್ಬನ್ನ ಲ್ಯಾಪ್‌ಟಾಪ್‌ಗೆ ಹಾಕಿದ್ರೆ ನಡೆಯುತ್ತಾ?

ಕುಡ್ಲದ_ಕೋಡರ್

ಎರಡು ರೀಡರ್ ಹಬ್‌ನಲ್ಲಿ ಇರಲಿ, ಎರಡೂ ಸೇರಿ ಜೋರೆಂದರೆ 500 ಎಂಬಿ, 10 ಜಿಬಿಪಿಎಸ್ ಹಬ್‌ಗೆ ಲೆಕ್ಕಕ್ಕಿಲ್ಲ. ಎಸ್‌ಎಸ್‌ಡಿಯನ್ನು ನೇರ ಲ್ಯಾಪ್‌ಟಾಪ್‌ಗೆ ಹಾಕಿ. ಎರಡು ಹಾರ್ಡ್ ಡಿಸ್ಕ್ ಒಂದೇ ಹಬ್‌ಗೆ ಹಾಕುವುದಾದರೆ ಹಬ್‌ಗೆ ಬೇರೆ ಅಡಾಪ್ಟರ್ ಇರಬೇಕು. ಇಲ್ಲದಿದ್ದರೆ ಡಿಸ್ಕ್ ತಿರುಗಲು ಕರೆಂಟ್ ಸಾಲದೆ ಕಾಪಿ ನಡುವೆ ಕಡಿದು ಹೋಗ್ತದೆ.

ಮತ್ತೆ, ವೈರ್‌ಲೆಸ್ ಮೌಸ್‌ನ ಡಾಂಗಲ್ ಎಸ್‌ಎಸ್‌ಡಿ ಪಕ್ಕದ ಪೋರ್ಟಿಗೆ ಹಾಕಬೇಡಿ. ಯುಎಸ್‌ಬಿ 3ರ ಗದ್ದಲ 2.4 ಗಿಗಾಹರ್ಟ್ಸ್‌ಗೆ ತಾಗ್ತದೆ, ಇಂಟೆಲ್ 2012ರಲ್ಲೇ ಬರೆದು ಹೇಳಿದ್ದು. ಕಾಪಿ ಶುರುವಾದ ಕೂಡಲೇ ಮೌಸ್ ಕುಂಟಿದರೆ ಮೌಸ್ ಬದಲಿಸಲಿಕ್ಕೆ ಹೋಗಬೇಡಿ, ಡಾಂಗಲ್ ಆಚೆ ಬದಿಗೆ ಹಾಕಿ.

ರಿಪೇರಿ_ಟೇಬಲ್

ಹಬ್ಬಿನ ವೈರ್ ಗಿಡ್ಡ ಇರೋದ ತಗೋರಿ. ಲ್ಯಾಪ್‌ಟಾಪ್ ಬದೀಗೆ ಜೋತ್ ಬಿಡಬ್ಯಾಡ್ರಿ, ಟೇಬಲ್ ಮ್ಯಾಲೆ ಇಡ್ರಿ. ಜೋತಾಡಿ ಪೋರ್ಟ್ ಸಡಲಾಗಿದ್ದು ಇವತ್ತೂ ಒಂದು ಬಂದೈತಿ.